ಗಂಡಸುತನಕ್ಕೆ ಕರೆಂಟು ಹೆದರುವುದಿಲ್ಲ

ಮೊನ್ನೆ ಗಾಳಿಮಳೆಗೆ ಬಡಾವಣೆಯೆಲ್ಲ ಕತ್ತಲು. ಕಂಬದ ಬುಡದಲ್ಲಿ ಜನ. ಲೈನಿನ ಹುಡುಗ ‘ಎಲ್‌ಸಿ ಬಂದಿಲ್ಲ ಸಾರ್, ಐದು ನಿಮಿಷ’ ಅಂದ. ಮೇಲಿನವರು ಸಿಡುಕಿದರು: ‘ಕೈಗೆ ಬಳೆ ತೊಟ್ಕೊಂಡಿದೀಯೇನೋ? ಗಂಡಸಾದ್ರೆ ಹತ್ತು!’ ನಿಂತವರು ನಕ್ಕರು. ನಾವೂ ನಕ್ಕೆವು, ಸುಳ್ಳೇಕೆ ಹೇಳೋಣ? ಹುಡುಗ ಹತ್ತಿಯೇಬಿಟ್ಟ. ಅರ್ಧ ಕಂಬದಲ್ಲಿದ್ದಾಗ ಲೈನ್ ಆಫ್ ಆಗಿದೆಯೆಂದು ಫೋನ್ ಬಂತು. ಅವನ ತಾಯಿಯ ಪುಣ್ಯ.

ಎಲ್‌ಸಿ ಅಂದ್ರೆ ಲೈನ್ ಕ್ಲಿಯರ್. ಸ್ಟೇಷನ್ನಿನವರು ಲೈನ್ ಆಫ್ ಮಾಡಿ ಒಪ್ಪಿಗೆ ಕೊಡಬೇಕು. ಆಮೇಲೆ ಟೆಸ್ಟ್ ಮಾಡಿ, ಕೆಲಸದ ಜಾಗದ ಎರಡೂ ಕಡೆ ಅರ್ಥಿಂಗ್ ಕೊಟ್ಟು, ಗ್ಲೌಸು, ಬೆಲ್ಟು ಹಾಕ್ಕೊಂಡು ಹತ್ತಬೇಕು. ಯಾರದೋ ಮನೆಯ ಜನರೇಟರಿನಿಂದಲೂ ಆಫ್ ಆದ ಲೈನಿಗೆ ಕರೆಂಟು ವಾಪಸು ಬರಬಹುದು. ಪಿಯುಸಿ ಅರ್ಧಕ್ಕೆ ಬಿಟ್ಟ ನಮಗೇ ತಿಳಿಯುವ ಸಂಗತಿ ಇದು. ಇಂಜಿನಿಯರ್ ಓದಿದವರಿಗೆ ತಿಳಿಯದೇ?

2020ರಲ್ಲಿ ಕಂಪ್ಯೂಟರಿನವರು ‘ಮಾಸ್ಟರ್–ಸ್ಲೇವ್’, ಅಂದರೆ ಯಜಮಾನ–ಗುಲಾಮ ಅನ್ನೋ ಹೆಸರು ಬೇಡವೆಂದಾಗ ‘ಮಾತಿನಲ್ಲೇನಿದೆ’ ಎಂದು ನಕ್ಕವರು ಬಹಳ. ಅವರು ಒಂದು ಸಲ ಈ ಕಂಬದ ಬುಡಕ್ಕೆ ಬರಲಿ. ಇಲ್ಲಿ ಒಂದು ಮಾತಿಗೆ ಒಂದು ಜೀವ.

ಇನ್ನು ಬಳೆಯ ವಿಷಯ. ತೆಲಂಗಾಣದಲ್ಲಿ 2019ರಲ್ಲಿ ಜೂನಿಯರ್ ಲೈನ್‌ಮನ್ ಕೆಲಸಕ್ಕೆ ಅರ್ಜಿ ಕರೆದಾಗ ಹೆಂಗಸರು ಬೇಡ ಎಂದರು. ಹೆಣ್ಣುಮಕ್ಕಳು ಹೈಕೋರ್ಟಿಗೆ ಹೋದರು. 2020ರ ಡಿಸೆಂಬರಿನಲ್ಲಿ ಕಂಬ ಹತ್ತಿ ಪರೀಕ್ಷೆ ಪಾಸಾದರು. ಬಳೆ ತೊಟ್ಟ ಕೈಗೆ ಕಂಬ ಹತ್ತಲು ಬರುತ್ತದೆ. ಕಾನೂನು ಪಾಲಿಸಲೂ ಬರುತ್ತದೆ. ಹಾಗಿದ್ದ ಮೇಲೆ ಇದು ಬೈಗುಳ ಹೇಗಾಯಿತು ಸ್ವಾಮಿ?

ನಮ್ಮಲ್ಲಿ ಲೈನ್‌ಮನ್ ಹೋಗಿ ಪವರ್‌ಮ್ಯಾನ್ ಬಂದ. ಲೈನು ಹೋಯಿತು, ಮ್ಯಾನು ಉಳಿದ! ಬೋರ್ಡು ಬದಲಾಯಿಸಿದರೆ ಸಾಲದು, ಬಾಯಿಯೂ ಬದಲಾಗಬೇಕು. ‘ಗಂಡಸಾದ್ರೆ’ ಅನ್ನೋ ಒಂದೇ ಮಾತು ಹೆಣ್ಣನ್ನು ಕೆಲಸದ ಬಾಗಿಲಲ್ಲೇ ತಡೆಯುತ್ತದೆ, ಗಂಡನ್ನು ಸ್ಮಶಾನಕ್ಕೆ ಕಳಿಸುತ್ತದೆ.

ಪ್ರತಿ ಸೆಕ್ಷನ್ ಆಫೀಸಿನ ಗೋಡೆಯ ಮೇಲೆ ಸಾಹೇಬರು ಒಂದು ಸಾಲು ಬರೆಸಲಿ: ‘ಎಲ್‌ಸಿ ಬರುವತನಕ ಹತ್ತಲ್ಲ ಎಂದವರನ್ನು ಯಾರೂ ಆಡಿಕೊಳ್ಳಬಾರದು.’ ಓದುಗರೂ ಅಷ್ಟೇ, ಕತ್ತಲಲ್ಲಿ ಐದು ನಿಮಿಷ ಕಾಯೋಣ. ಒಂದು ಮೇಣದಬತ್ತಿ ಸಾಕು.