ಕಾರಿನ ಸಾಮಾನು ಸ್ಥಳ: ಲೀಟರಿನ ಲೆಕ್ಕ ಮತ್ತು ಡಬ್ಬಿಯ ಲೆಕ್ಕ

ವಿಜಯಪುರ, ತಿಕೋಟಾ ಮತ್ತು ಬಬಲೇಶ್ವರ ಭಾಗದ ವ್ಯಾಪಾರಸ್ಥರಿಗೆ ಕಾರು ಇಂದು ಕೇವಲ ಅಂತಸ್ತಿನ ವಸ್ತುವಾಗಿ ಉಳಿದಿಲ್ಲ. ಅದು ಅಂಗಡಿಯ ಒಂದು ಅಂಗವೇ ಆಗಿದೆ. ಮಹಿಪತಿದಾಸರಿಂದ ಹೆಸರಾದ ಕಾಖಂಡಕಿಯಂತಹ ಊರಿನ ಕಿರಾಣಿ ವ್ಯಾಪಾರಿ ವಾರದ ದಿನಗಳಲ್ಲಿ ಅದೇ ಕಾರಿನಲ್ಲಿ ವಿಜಯಪುರದ ಪೇಟೆಯಿಂದ ಎಣ್ಣೆ ಡಬ್ಬಿ ತರುತ್ತಾನೆ; ರವಿವಾರ ಅದರಲ್ಲಿಯೇ ಕುಟುಂಬವನ್ನು ಮದುವೆ-ಮುಂಜಿಗಳಿಗೆ ಕರೆದೊಯ್ಯುತ್ತಾನೆ. ದ್ರಾಕ್ಷಿ ಬೆಳೆಗಾರನ ಕಾರಿನಲ್ಲಿ ಒಂದು ದಿನ ಮಣೂಕದ ಮಾದರಿ ಪೆಟ್ಟಿಗೆಗಳಿದ್ದರೆ ಮರುದಿನ ಔಷಧಿಯ ಕ್ಯಾನುಗಳಿರುತ್ತವೆ. ಆದರೂ ಕಾರು ಕೊಳ್ಳುವಾಗ ನಾವು ಬೆಲೆ, ಮೈಲೇಜು, ಬಣ್ಣ ಎಲ್ಲವನ್ನೂ ವಿಚಾರಿಸಿ, ಡಿಕ್ಕಿ ಎಂದು ಕರೆಯುವ ಹಿಂಬದಿಯ ಸಾಮಾನು ಸ್ಥಳದ ವಿಷಯದಲ್ಲಿ ಮಾತ್ರ ಕಂಪನಿಯ ಪತ್ರಿಕೆಯಲ್ಲಿ ಅಚ್ಚಾದ ಲೀಟರಿನ ಅಂಕಿಯನ್ನು ನಂಬಿ ಸುಮ್ಮನಾಗುತ್ತೇವೆ. ಈ ಅಂಕಿಯನ್ನು ನಂಬಿ ಕೊಳ್ಳುವ ವ್ಯಾಪಾರಿಗೆ ನಷ್ಟವಿದೆ. ಅದರ ಆಚೆ ನೋಡಬಲ್ಲ ಸಣ್ಣ ಉದ್ಯಮಿಗೆ ಒಂದು ಅವಕಾಶವಿದೆ. ಈ ಎರಡು ಮಾತುಗಳನ್ನು ಸದಸ್ಯರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲಿಗೆ ಈ ಲೀಟರ್ ಲೆಕ್ಕ ಹೇಗೆ ಬರುತ್ತದೆ ಎಂಬುದನ್ನು ತಿಳಿಯಬೇಕು. ವಾಹನೋದ್ಯಮದಲ್ಲಿ ಪ್ರಚಲಿತವಿರುವ ಅಳತೆಯ ಕ್ರಮದಲ್ಲಿ 200 ಮಿ.ಮೀ. ಉದ್ದ, 100 ಮಿ.ಮೀ. ಅಗಲ, 50 ಮಿ.ಮೀ. ದಪ್ಪದ, ಅಂದರೆ ಸರಿಯಾಗಿ ಒಂದು ಲೀಟರ್ ಗಾತ್ರದ ಇಟ್ಟಿಗೆಯಂತಹ ತುಂಡುಗಳನ್ನು ಡಿಕ್ಕಿಯಲ್ಲಿ ಜೋಡಿಸುತ್ತಾರೆ. ಎಷ್ಟು ತುಂಡುಗಳು ಹಿಡಿದವೋ ಅಷ್ಟು ಲೀಟರ್. ಮೂಲೆ, ಸಂದು, ಚಕ್ರದ ಉಬ್ಬಿನ ಹಿಂದಿನ ಗೂಡು ಎಲ್ಲವೂ ಈ ಲೆಕ್ಕದಲ್ಲಿ ಸೇರುತ್ತವೆ. ಆದರೆ ನಮ್ಮ ಮಾಲು ಇಟ್ಟಿಗೆಯಷ್ಟು ಚಿಕ್ಕದಲ್ಲ. 15 ಕಿಲೋ ಎಣ್ಣೆಯ ಚೌಕ ಡಬ್ಬಿಯನ್ನೇ ತೆಗೆದುಕೊಳ್ಳೋಣ. ಅದರ ತಳ ಸುಮಾರು 24 ಸೆಂ.ಮೀ. ಚೌಕ. ಎರಡು ಚಕ್ರದುಬ್ಬುಗಳ ನಡುವೆ 97 ಸೆಂ.ಮೀ. ಅಗಲವಿದ್ದರೆ ಒಂದು ಸಾಲಿಗೆ ನಾಲ್ಕು ಡಬ್ಬಿ ಕೂರುತ್ತವೆ. ಅದೇ ಅಗಲ 92 ಸೆಂ.ಮೀ. ಇದ್ದರೆ ಮೂರೇ ಡಬ್ಬಿ. ಉಳಿದ 20 ಸೆಂ.ಮೀ. ಜಾಗ ವ್ಯರ್ಥ. ಐದು ಸೆಂಟಿಮೀಟರಿನ ಕೊರತೆಗೆ ಸಾಲಿಗೊಂದು ಡಬ್ಬಿಯ ನಷ್ಟ! ಇದು ಯಾವ ಲೀಟರಿನ ಅಂಕಿಯಲ್ಲಿಯೂ ಕಾಣುವುದಿಲ್ಲ.

ನಮ್ಮ ದೇಶದಲ್ಲಿ ಡಿಕ್ಕಿಯ ಆಕಾರವನ್ನು ತೆರಿಗೆಯ ಕಾಯಿದೆಯೂ ನಿರ್ಧರಿಸಿದೆ ಎಂಬುದು ಗಮನಾರ್ಹ. 2006-07ರ ಕೇಂದ್ರ ಮುಂಗಡಪತ್ರದಲ್ಲಿ ಸಣ್ಣ ಕಾರುಗಳ ಅಬಕಾರಿ ಸುಂಕವನ್ನು ಶೇ. 24ರಿಂದ ಶೇ. 16ಕ್ಕೆ ಇಳಿಸಲಾಯಿತು. ಉದ್ದ 4000 ಮಿ.ಮೀ. ಮೀರಬಾರದು, ಪೆಟ್ರೋಲ್ ಎಂಜಿನ್ 1200 ಸಿ.ಸಿ., ಡೀಸೆಲ್ ಎಂಜಿನ್ 1500 ಸಿ.ಸಿ. ಮೀರಬಾರದು ಎಂಬುದು ಷರತ್ತು. ಅಂದಿನಿಂದ ಕಾರು ತಯಾರಕರು ನಾಲ್ಕು ಮೀಟರಿನ ಗೆರೆಯೊಳಗೆ ಕಾರನ್ನು ಕೂರಿಸಲು ಪೈಪೋಟಿ ನಡೆಸಿದರು. ಎಂಜಿನ್ನಿನ ಜಾಗವನ್ನಾಗಲಿ, ಪ್ರಯಾಣಿಕರ ಕಾಲು ಚಾಚುವ ಜಾಗವನ್ನಾಗಲಿ ಕತ್ತರಿಸುವುದು ಕಷ್ಟ. ಕತ್ತರಿ ಬಿದ್ದದ್ದು ಡಿಕ್ಕಿಯ ಮೇಲೆ. 2008ರಲ್ಲಿ ಬಂದ ಮಾರುತಿ ಸ್ವಿಫ್ಟ್ ಡಿಜೈರ್ 4160 ಮಿ.ಮೀ. ಉದ್ದವಿದ್ದು 440 ಲೀಟರಿನ ಡಿಕ್ಕಿ ಹೊಂದಿತ್ತು. 2012ರ ಆವೃತ್ತಿಯ ಉದ್ದ 3995 ಮಿ.ಮೀ.ಗೆ ಇಳಿಯಿತು, ಡಿಕ್ಕಿ 316 ಲೀಟರಿಗೆ ಕುಗ್ಗಿತು. ಮುಂದಿನ ಆವೃತ್ತಿಗಳಲ್ಲಿ ಜಾಗ ಸ್ವಲ್ಪ ಹೆಚ್ಚಿದರೂ ಹಳೆಯ 440ರ ಮಟ್ಟಕ್ಕೆ ಮರಳಲಿಲ್ಲ. 2017ರ ಜಿ.ಎಸ್.ಟಿ.ಯಲ್ಲಿಯೂ ಈ ಗೆರೆ ಉಳಿಯಿತು. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಹೊಸ ದರಗಳಲ್ಲಿ ಗೆರೆಯೊಳಗಿನ ಕಾರಿಗೆ ಶೇ. 18, ಗೆರೆ ದಾಟಿದ ಪೆಟ್ರೋಲ್-ಡೀಸೆಲ್ ಕಾರಿಗೆ ಶೇ. 40 ಎಂದು ನಿಗದಿಯಾಗಿದೆ. ಇಷ್ಟು ದೊಡ್ಡ ಅಂತರವಿರುವಾಗ ನಮ್ಮಂತಹವರು ಕೊಳ್ಳುವ ಕಾರು ನಾಲ್ಕು ಮೀಟರಿನೊಳಗೇ ಉಳಿಯುವುದು ಸಹಜ.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ನಮ್ಮ ರಾಜ್ಯದಲ್ಲಿಯೇ ಇದೆ. ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆ 2010ರ ಡಿಸೆಂಬರಿನಲ್ಲಿ ಹೊರತಂದ ಇಟಿಯೋಸ್ ಕಾರು ನಾಲ್ಕು ಮೀಟರಿನ ಮಿತಿಗೆ ತಲೆಬಾಗಲಿಲ್ಲ. ಸುಮಾರು 4265 ಮಿ.ಮೀ. ಉದ್ದದ ಆ ಕಾರಿನ ಡಿಕ್ಕಿ 595 ಲೀಟರ್. ಅದರ ಒಳಾಂಗಣ ಸರಳ, ಹೊರನೋಟ ಸಾಧಾರಣ ಎಂದು ಟೀಕಿಸಿದವರು ಬಹಳ. ಆದರೆ ಬಾಡಿಗೆ ಕಾರು ನಡೆಸುವವರು ಅದನ್ನು ಮೆಚ್ಚಿಕೊಂಡರು. ನಾಲ್ಕು ಜನ ಪ್ರಯಾಣಿಕರು ಮತ್ತು ಅವರೆಲ್ಲರ ಪೆಟ್ಟಿಗೆಗಳು ಒಟ್ಟಿಗೆ ಹಿಡಿಸುವ ಕಾರು ದುಡಿಮೆಗೆ ಬೇಕೆಂಬುದು ಅವರಿಗೆ ಗೊತ್ತಿತ್ತು. 2020ರಲ್ಲಿ ಅದರ ತಯಾರಿಕೆ ನಿಂತಿತು. ಇದಕ್ಕೆ ಪ್ರತಿಯಾಗಿ 2009ರ ಟಾಟಾ ನ್ಯಾನೋ ಕಾರನ್ನು ನೆನೆಯಬಹುದು. ವೆಚ್ಚ ಉಳಿಸಲು ಅದಕ್ಕೆ ತೆರೆಯುವ ಹಿಂಬಾಗಿಲನ್ನೇ ಇಟ್ಟಿರಲಿಲ್ಲ. ಸಾಮಾನನ್ನು ಹಿಂಬದಿಯ ಆಸನ ಮಡಚಿ ಒಳಗಿನಿಂದ ಇಡಬೇಕಿತ್ತು. ಬಾಗಿಲು ಬಂದದ್ದು 2015ರಲ್ಲಿ. 2018ರಲ್ಲಿ ತಯಾರಿಕೆಯೂ ನಿಂತಿತು. ಸ್ಥಳವಿದ್ದೂ ಅದಕ್ಕೆ ಸರಿಯಾದ ಬಾಯಿ ಇಲ್ಲದಿದ್ದರೆ ಪ್ರಯೋಜನವಿಲ್ಲವೆಂಬುದು ಇಲ್ಲಿಯ ಪಾಠ.

ಹೊರದೇಶಗಳಲ್ಲಿ ಮಾಲನ್ನೇ ಮುಂದಿಟ್ಟುಕೊಂಡು ಕಾರನ್ನು ರೂಪಿಸಿದ ನಿದರ್ಶನಗಳಿವೆ. ಫ್ರಾನ್ಸಿನ ಸಿಟ್ರೊಯೆನ್ ಕಂಪನಿ 1948ರಲ್ಲಿ ಪ್ರದರ್ಶಿಸಿದ 2ಸಿವಿ ಕಾರಿನ ಯೋಜನೆ ಆರಂಭವಾದದ್ದೇ ಹಳ್ಳಿಯ ರೈತ ಮತ್ತು ಅವನು ಪೇಟೆಗೆ ಒಯ್ಯುವ 50 ಕಿಲೋ ಆಲೂಗಡ್ಡೆಯ ಲೆಕ್ಕದಿಂದ. ಜಪಾನಿನ ಹೋಂಡಾ 2001ರ ಫಿಟ್ ಕಾರಿನಲ್ಲಿ ಇಂಧನ ಟ್ಯಾಂಕನ್ನು ಮುಂದಿನ ಆಸನಗಳ ಕೆಳಗೆ ಸರಿಸಿ, ಹಿಂಬದಿಯ ನೆಲವನ್ನು ತಗ್ಗಿಸಿ, ಸಣ್ಣ ಕಾರಿನಲ್ಲಿಯೇ ಎತ್ತರದ ಸಾಮಾನಿಗೆ ಜಾಗ ಮಾಡಿತು. ನಮ್ಮಲ್ಲಿಯೂ ಇಂತಹ ವಿಚಾರ ಆರಂಭವಾಗಿದೆ. ಸಿ.ಎನ್.ಜಿ. ಕಾರುಗಳಲ್ಲಿ ದೊಡ್ಡ ಸಿಲಿಂಡರು ಡಿಕ್ಕಿಯ ಬಹುಭಾಗವನ್ನು ನುಂಗುತ್ತಿತ್ತು. 2023ರಲ್ಲಿ ಟಾಟಾ ಕಂಪನಿ ಆಲ್ಟ್ರೋಜ್ ಕಾರಿನಲ್ಲಿ ಒಂದು ದೊಡ್ಡ ಸಿಲಿಂಡರಿನ ಬದಲು 30 ಲೀಟರಿನ ಎರಡನ್ನು ಡಿಕ್ಕಿಯ ನೆಲದ ಕೆಳಗೆ ಮಲಗಿಸಿ, ಮೇಲೆ 210 ಲೀಟರ್ ಸ್ಥಳ ಉಳಿಸಿತು.

ಇವೆಲ್ಲ ದೊಡ್ಡ ಕಂಪನಿಗಳ ಕೈಯಲ್ಲಿರುವ ಮಾತು. ನಮ್ಮ ಕೈಯಲ್ಲಿರುವುದೇನು? ಕೊಳ್ಳುವವರು ಐದು ಅಳತೆಗಳನ್ನು ತಾವೇ ಟೇಪು ಹಿಡಿದು ನೋಡಬೇಕು: ಚಕ್ರದುಬ್ಬುಗಳ ನಡುವಿನ ಅಗಲ, ನೆಲದ ಉದ್ದ, ಬಾಗಿಲಿನ ಬಾಯಿಯ ಅಗಲ-ಎತ್ತರ, ರಸ್ತೆಯಿಂದ ಡಿಕ್ಕಿಯ ಹೊಸ್ತಿಲಿಗಿರುವ ಎತ್ತರ, ಮತ್ತು ಹಿಂಬದಿಯ ಆಸನ ಮಡಚಿದಾಗ ನೆಲ ಸಮನಾಗುವುದೋ ಇಲ್ಲವೋ ಎಂಬುದು. ಹೊಸ್ತಿಲು ಒಂದು ಗೇಣು ಎತ್ತರವಾದರೆ ದಿನಕ್ಕೆ ಹತ್ತು ಪೆಟ್ಟಿಗೆ ಎತ್ತುವವನ ಸೊಂಟಕ್ಕೆ ಅದರ ಅರ್ಥ ತಿಳಿಯುತ್ತದೆ. ಎಲ್ಲಕ್ಕಿಂತ ಸುಲಭದ ಉಪಾಯವೆಂದರೆ ತಾವು ನಿತ್ಯ ಸಾಗಿಸುವ ಎರಡು ಖಾಲಿ ಪೆಟ್ಟಿಗೆಗಳನ್ನು ಶೋರೂಮಿಗೇ ಒಯ್ದು ಇಟ್ಟು ನೋಡುವುದು. ಬಾಡಿಗೆಗೆ ಮಾಲು ಸಾಗಿಸಲು ಸರಕು ವಾಹನವೇ ಬೇಕು. ಇಲ್ಲಿ ಹೇಳುತ್ತಿರುವುದು ಸ್ವಂತ ಅಂಗಡಿಯ ಸಣ್ಣಪುಟ್ಟ ಮಾಲಿನ ಮಾತು.

ಜಾಗ ಸಾಲದಾದಾಗ ಮಾಲು ಹಿಂದಿನ ಆಸನದ ಮೇಲೆ ಬರುತ್ತದೆ. ಇದು ಬಹಳ ಅಪಾಯಕಾರಿ. ಗಂಟೆಗೆ 50 ಕಿ.ಮೀ. ವೇಗದಲ್ಲಿರುವ ಕಾರು ಅಪಘಾತದಲ್ಲಿ ಥಟ್ಟನೆ ನಿಂತರೆ, ಕಟ್ಟದೆ ಇಟ್ಟ 15 ಕಿಲೋ ಡಬ್ಬಿ ಸುಮಾರು 10 ಮೀಟರ್, ಅಂದರೆ ಮೂರು ಅಂತಸ್ತಿನ ಎತ್ತರದಿಂದ ಬಿದ್ದಷ್ಟು ರಭಸದಲ್ಲಿ ಮುಂದಿದ್ದವರಿಗೆ ಬಡಿಯುತ್ತದೆ. ಇನ್ನು ಡಿಕ್ಕಿ ಪ್ರತ್ಯೇಕವಿಲ್ಲದ ಹ್ಯಾಚ್‌ಬ್ಯಾಕ್ ಕಾರುಗಳಲ್ಲಿ ಸೋರಿದ ಔಷಧಿಯ ಆವಿ ನೇರವಾಗಿ ಮಕ್ಕಳು ಕುಳಿತ ಜಾಗಕ್ಕೆ ಬರುತ್ತದೆ.

ಸಣ್ಣ ಉದ್ಯಮಿಗಳ ಅವಕಾಶವಿರುವುದು ಇಲ್ಲಿಯೇ. ಟ್ರ್ಯಾಲಿ ಕಟ್ಟುವ, ತಗಡು ಬಾಗಿಸುವ, ತಾಡಪತ್ರಿ ಹೊಲಿಯುವ ಕೈಗಳು ನಮ್ಮ ಭಾಗದಲ್ಲಿವೆ. ಸುತ್ತ ಅಂಚಿರುವ, ಸೋರಿದ ದ್ರವ ಹೊರಹೋಗದ ತಟ್ಟೆ, ಆಸನ ಮಡಚಿದಾಗ ನೆಲವನ್ನು ಸಮ ಮಾಡುವ ಹಗುರ ಹಲಗೆ, ಸರಿಸಬಹುದಾದ ಅಡ್ಡಗೋಡೆ, ಪ್ರಯಾಣಿಕರಿಗೂ ಮಾಲಿಗೂ ನಡುವೆ ಕಟ್ಟುವ ಬಲೆ, ಬಿಗಿಯುವ ಪಟ್ಟಿ — ಇವು ಯಾವುವೂ ನಮ್ಮವರ ಕೈಗೆ ಮೀರಿದ ಕೆಲಸವಲ್ಲ. ದೊಡ್ಡ ಕಂಪನಿ ಕಾರಿನ ಮಾದರಿಯನ್ನು ನೋಡಿ ಬಿಡಿಸಾಮಾನು ಮಾಡುತ್ತದೆ. ಸ್ಥಳೀಯ ಉದ್ಯಮಿ ಗಿರಾಕಿಯ ಮಾಲನ್ನೂ ನೋಡಿ ಮಾಡಬಲ್ಲ. ಇದೇ ಅವನ ಬಲ.

ಆದರೆ ಒಂದು ಎಚ್ಚರಿಕೆ ಅವಶ್ಯ. ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಪ್ರಕಾರ ಕಾರಿನ ಮೂಲ ರಚನೆಯನ್ನು ಮನಬಂದಂತೆ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿದಿದೆ. 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಕಾರಿನ ಮುಂದೆ ಹಾಕುವ ಕಬ್ಬಿಣದ ಗಾರ್ಡುಗಳು ಕಾನೂನುಬಾಹಿರವೆಂದು ರಾಜ್ಯಗಳಿಗೆ ಪತ್ರ ಬರೆದಾಗ, ಆ ಗಾರ್ಡುಗಳನ್ನೇ ನಂಬಿದ್ದ ವ್ಯಾಪಾರದ ಬುಡವೇ ಅಲುಗಿತು. ಆದ್ದರಿಂದ ಕೊರೆಯದೆ, ಬೆಸುಗೆ ಹಾಕದೆ, ಕತ್ತರಿಸದೆ, ಕಂಪನಿಯೇ ಕೊಟ್ಟಿರುವ ಕೊಂಡಿಗಳಿಗೆ ಸಿಕ್ಕಿಸಿ ಬೇಕಾದಾಗ ತೆಗೆಯುವಂತಹ ವಸ್ತುಗಳನ್ನೇ ತಯಾರಿಸುವುದು ಕ್ಷೇಮ. ಹೆಚ್ಚುವರಿ ಚಕ್ರ ತೆಗೆಯಲು ಅಡ್ಡಿಯಾಗಬಾರದು. ಸಿ.ಎನ್.ಜಿ. ಸಿಲಿಂಡರನ್ನು ಮೂರು ವರ್ಷಕ್ಕೊಮ್ಮೆ ಪರೀಕ್ಷೆಗೆ ಒಳಪಡಿಸಬೇಕಾದ್ದರಿಂದ ಅದೂ ಅದರ ವಾಲ್ವೂ ಕೈಗೆ ಸಿಗುವಂತಿರಬೇಕು. ತಟ್ಟೆಯೇ ಹತ್ತಾರು ಕಿಲೋ ತೂಗಿದರೆ ಮಾಡಿಯೂ ಫಲವಿಲ್ಲ. ಮಾಳಿಗೆಯ ಮೇಲೆ ಹೇರುವ ಅಭ್ಯಾಸಕ್ಕಂತೂ ಪ್ರೋತ್ಸಾಹ ಬೇಡ. ಎತ್ತರದ ಭಾರ ತಿರುವಿನಲ್ಲಿ ಕಾರನ್ನು ಓಲಾಡಿಸುತ್ತದೆ.

ಸಂಸ್ಥೆಯಿಂದ ಎರಡು ಕೆಲಸಗಳನ್ನು ನಿರೀಕ್ಷಿಸಬಹುದು. ಮೊದಲನೆಯದು, ಎಣ್ಣೆ ಡಬ್ಬಿ, ಮಣೂಕದ ಪೆಟ್ಟಿಗೆ, ಔಷಧಿ ಕ್ಯಾನು, ಸೀರೆಯ ಗಂಟು ಮುಂತಾಗಿ ನಮ್ಮ ಸದಸ್ಯರು ನಿತ್ಯ ಸಾಗಿಸುವ ಮಾಲುಗಳ ಅಳತೆ-ತೂಕಗಳ ಪಟ್ಟಿಯನ್ನು ಸಿದ್ಧಪಡಿಸಿ ಈ ಪತ್ರಿಕೆಯಲ್ಲಿ ಪ್ರಕಟಿಸುವುದು. ಕೊಳ್ಳುವವರಿಗೂ ತಯಾರಿಸುವವರಿಗೂ ಅದು ಕೈಪಿಡಿಯಾದೀತು. ಎರಡನೆಯದು, ರಾಜ್ಯದ ವಾಣಿಜ್ಯ ಮತ್ತು ಕೈಗಾರಿಕಾ ಮಹಾಸಂಸ್ಥೆಯ ಮೂಲಕ ನಾಲ್ಕು ಮೀಟರಿನ ಷರತ್ತಿನ ಮರುಪರಿಶೀಲನೆಗೆ ಮನವಿ ಸಲ್ಲಿಸುವುದು. ಚಿಕ್ಕ ಕಾರು ನಗರದ ದಟ್ಟಣೆಗೆ ಒಳ್ಳೆಯದೆಂಬ ವಾದದಲ್ಲಿ ಹುರುಳಿದೆ. ಆದರೆ ಎಂಜಿನ್ನಿನ ಮಿತಿಯನ್ನು ಹಾಗೆಯೇ ಇರಿಸಿ, ಉದ್ದಕ್ಕೆ ಒಂದು ಗೇಣು ವಿನಾಯಿತಿ ಕೊಟ್ಟರೆ ದಟ್ಟಣೆ ಹೆಚ್ಚಲಾರದು; ಮಧ್ಯಮ ವರ್ಗದ ವ್ಯಾಪಾರಿಯ ಮಾಲು ಮಾತ್ರ ಆಸನದಿಂದ ಇಳಿದು ಡಿಕ್ಕಿ ಸೇರೀತು.

ಅಲ್ಲಿಯವರೆಗೆ ಕಾರು ಕೊಳ್ಳಲು ಹೊರಟ ಸದಸ್ಯರು ಟೇಪನ್ನೂ ಖಾಲಿ ಡಬ್ಬಿಯನ್ನೂ ಜೊತೆಗೆ ಒಯ್ಯಲಿ.