ಒಣಹಣ್ಣು: ತೂಕವೋ, ಅಳತೆಯೋ?

ಸೇರೆಂಬ ಒಂದೇ ಹೆಸರು ನಮ್ಮ ಹಿರಿಯರಿಗೆ ತೂಕವೂ ಆಗಿದ್ದಿತು, ಅಳತೆಯೂ ಆಗಿದ್ದಿತು; ಬೆಲ್ಲವನ್ನು ತೂಗುತ್ತಿದ್ದರು, ಅಕ್ಕಿಯನ್ನು ಅಳೆಯುತ್ತಿದ್ದರು. 1958ರಿಂದ ಗ್ರಾಂ ಬಳಕೆಗೆ ಬಂದರೂ ತೊಡಕು ತೀರಲಿಲ್ಲ. ಅಂಗಡಿಯಲ್ಲಿ ಒಣಹಣ್ಣನ್ನು ತೂಗಿ ಕೊಡುತ್ತಾರೆ. ಅಡುಗೆಯ ಪುಸ್ತಕವು ಬಟ್ಟಲಿನ ಲೆಕ್ಕವನ್ನು ಹೇಳುತ್ತದೆ.

ಕಳೆದ ಯುಗಾದಿಗೆ ನಾನು ಖರ್ಜೂರದ ಹೋಳಿಗೆ ಮಾಡಹೊರಟೆನು. ಹೆಚ್ಚಿದ ಖರ್ಜೂರ ಎರಡು ಬಟ್ಟಲೆಂದು ಅತ್ತೆಯವರು ಹೇಳಿದ್ದರು. ನಾನು ಅದನ್ನು ಒತ್ತಿ ತುಂಬಿದೆನು. ಹೂರಣವು ಅಂಟಾಗಿ, ಹೋಳಿಗೆಗಳು ಹಂಚಿನ ಮೇಲೆಯೇ ಹರಿದುವು.

240 ಮಿಲಿಲೀಟರ್ ನೀರು ಹಿಡಿಯುವ ಬಟ್ಟಲಿಗೆ ಒಣದ್ರಾಕ್ಷಿಯನ್ನು ಸಡಿಲವಾಗಿ ತುಂಬಿದರೆ ಸುಮಾರು 145 ಗ್ರಾಂ, ಒತ್ತಿದರೆ 165 ಗ್ರಾಂ ತೂಗುವುದು. ಹೆಚ್ಚಿದ ಖರ್ಜೂರವು ಒತ್ತದಿದ್ದರೆ ಸುಮಾರು 150 ಗ್ರಾಂ.

ಆದರೆ ಮನೆಮನೆಯ ಬಟ್ಟಲೂ ಬೇರೆ. ಆದುದರಿಂದ ವಾಚಕರು ಒಂದು ಬಟ್ಟಲನ್ನು ಗೊತ್ತುಮಾಡಿಕೊಳ್ಳಬೇಕು. ಬೀಜ ತೆಗೆದ ಹಣ್ಣಿನ 500 ಗ್ರಾಂ ಪೊಟ್ಟಣವನ್ನು, ಹೆಚ್ಚುವುದಿದ್ದರೆ ಹೆಚ್ಚಿ, ನೆನೆಸುವ ಮೊದಲೇ ಒತ್ತದೆ ಅಳೆಯಿರಿ. 500ನ್ನು ಬಟ್ಟಲುಗಳ ಎಣಿಕೆಯಿಂದ ಭಾಗಿಸಿದರೆ ಒಂದು ಬಟ್ಟಲಿನ ತೂಕ ದೊರೆಯುವುದು. ನಾಲ್ಕು ಬಟ್ಟಲಾದರೆ 125 ಗ್ರಾಂ. ಅದನ್ನು ಅಡುಗೆಯ ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಿರಿ. ಮುಂದೆ ತಕ್ಕಡಿಯ ಹಂಗಿಲ್ಲ, ಹೋಳಿಗೆಯೂ ಹರಿಯದು.