ಬಿದ್ದ ಗೂಡಿನ ಮರಿ ಮನೆಗೆ ಬರುವುದು ಬೇಡ

ಮುಂಗಾರು ಬಿರುಸಾದ ದಿನಗಳಲ್ಲಿ ಗಂಗಾವತಿ ಭಾಗದ ಕಾಲುವೆ ದಂಡೆಯ ಮೇಲೆ ಗೀಜಗನ ಗೂಡು ಬಿದ್ದಿರುವುದು ಅಪರೂಪದ ನೋಟವೇನಲ್ಲ. ಬಳ್ಳಾರಿ ಜಾಲಿಯ ಟೊಂಗೆಗೆ, ಈಚಲ ಗರಿಗೆ, ಬಾವಿಯ ಮೇಲೆ ಬಾಗಿದ ಕೊಂಬೆಗೆ ತೂಗುಬಿದ್ದ ಈ ಗೂಡುಗಳಲ್ಲಿ ಕೆಲವು ಗಾಳಿಗೆ ಕಳಚುತ್ತವೆ, ಕೆಲವು ಬದು ಸವರುವವರ ಕೊಡಲಿಗೆ ಸಿಕ್ಕಿ ಬೀಳುತ್ತವೆ. ಪೀಕು ತಿನ್ನುವ ಹಕ್ಕಿಯ ಮರಿ ಹೋದರೆ ಹೋಗಲಿ ಎಂದು ದೊಡ್ಡವರು ದಾಟಿ ಹೋಗುತ್ತಾರೆ. ಕನಿಕರಪಟ್ಟ ಮಕ್ಕಳು ಮರಿಗಳನ್ನು ಮನೆಗೆ ತಂದು ಹಾಲು ಅನ್ನ ಇಕ್ಕುತ್ತಾರೆ. ದಾಟಿ ಹೋದವರ ಮರಿಯೂ ಸಾಯುತ್ತದೆ, ಮನೆಗೆ ತಂದವರ ಮರಿಯೂ ಬಹುತೇಕ ಒಂದೆರಡು ದಿನಗಳಲ್ಲಿ ಸಾಯುತ್ತದೆ. ಬಿದ್ದ ಮರಿಯನ್ನು ಉಳಿಸುವುದೆಂದರೆ ಅದನ್ನು ಸಾಕುವುದಲ್ಲ, ಅದರ ತಾಯಿಗೆ ತಿರುಗಿ ಒಪ್ಪಿಸುವುದು. ಈ ಕೆಲಸ ರೈತನಿಂದ ಆಗುವಷ್ಟು ಬೇರೆ ಯಾರಿಂದಲೂ ಆಗದು. ಏಕೆಂದರೆ ಗೂಡು ಬೀಳುವುದು ಅವನ ಹೊಲದ ಬದುವಿನಲ್ಲಿ.

ಮೊದಲು ಗೀಜಗನ ಮೇಲಿರುವ ದೂರನ್ನು ನೋಡೋಣ. ದೂರು ಸುಳ್ಳಲ್ಲ. ಭತ್ತ, ಜೋಳ, ಸಜ್ಜೆಯ ತೆನೆ ಹಾಲು ತುಂಬುವಾಗ ಹಿಂಡುಗಟ್ಟಿ ಬಂದು ಇಳಿಯುವ ಹಕ್ಕಿಗಳಲ್ಲಿ ಗೀಜಗವೂ ಒಂದು. ಆಗ ಹಕ್ಕಿ ಕಾಯುವವನಿಗೆ ಕವಣೆ ಬಿಟ್ಟು ಕೈ ಕಟ್ಟಿ ಕೂಡು ಎಂದು ಯಾರೂ ಹೇಳಲಾರರು. ಆದರೆ ಕಾಳು ತಿನ್ನುವ ಈ ಹಕ್ಕಿ ತನ್ನ ಮರಿಗಳನ್ನು ಬರೀ ಕಾಳಿನಿಂದ ಬೆಳೆಸುವುದಿಲ್ಲ. ಬೆಳೆಯುವ ಮರಿಗೆ ಮಿಡತೆ, ಹುಳು ಮುಂತಾದ ಮೆತ್ತನೆಯ ಕೀಟಗಳು ಬೇಕು. ಊರ ಗುಬ್ಬಿಯದೂ ಇದೇ ಬಗೆ. ಜುಲೈ, ಆಗಸ್ಟ್ ತಿಂಗಳಲ್ಲಿ, ನಾಟಿ ಹಸಿರಾಗುತ್ತಿರುವಾಗ, ಮರಿ ಇರುವ ಗೀಜಗ ನಿಮ್ಮ ಗದ್ದೆಗೆ ಬರುವುದು ಹುಳುವಿಗಾಗಿ. ಈ ಉಪಕಾರವೂ ಸುಗ್ಗಿಯ ನಷ್ಟವೂ ಸರಿತೂಗುತ್ತವೆಂದು ನಾನು ವಾದಿಸುವುದಿಲ್ಲ. ತೆನೆಯ ಕಾಲಕ್ಕೆ ಹಕ್ಕಿಯನ್ನು ಬೆದರಿಸಿ ಓಡಿಸುವುದು ಒಕ್ಕಲುತನದ ಒಂದು ಕೆಲಸ. ಮಳೆಗಾಲದಲ್ಲಿ ಕಣ್ಣು ಬಿಡದ ಮರಿಯನ್ನು ಇರುವೆಗೆ ಬಿಟ್ಟು ಹೋಗುವುದು ಅದರ ಭಾಗವಲ್ಲ ಎನ್ನುವುದಷ್ಟೇ ನನ್ನ ಮಾತು.

ಬಿದ್ದ ಗೂಡೆಲ್ಲ ಮರಿ ಇರುವ ಗೂಡಲ್ಲ. ಗೂಡು ಹೆಣೆಯುವುದು ಗಂಡು. ಭತ್ತದ ಗರಿ, ಹುಲ್ಲಿನ ಎಸಳನ್ನು ಉದ್ದಕ್ಕೆ ಸೀಳಿ ತಂದು ಟೊಪ್ಪಿಗೆಯ ಆಕಾರಕ್ಕೆ ತಂದಾಗ ಹೆಣ್ಣುಗಳು ಬಂದು ನೋಡುತ್ತವೆ. ಒಪ್ಪಿಗೆಯಾದರೆ ಮೊಟ್ಟೆಯ ಕೋಣೆ ಪೂರ್ತಿಯಾಗಿ, ಕೆಳಗೆ ಉದ್ದನೆಯ ಕೊಳವೆ ಇಳಿಯುತ್ತದೆ. ಒಪ್ಪದಿದ್ದರೆ ಗೂಡು ಅರ್ಧಕ್ಕೇ ನಿಲ್ಲುತ್ತದೆ. ಒಂದು ಗೂಡಿಗೆ ಹೆಣ್ಣು ಸೇರಿದ ಮೇಲೆ ಗಂಡು ಮತ್ತೊಂದು ಗೂಡು ಹೆಣೆದು ಮತ್ತೊಬ್ಬಳನ್ನು ಕರೆಯುತ್ತದೆ. ಪಕ್ಷಿತಜ್ಞ ಸಲೀಂ ಅಲಿಯವರು ಮುಂಬಯಿ ಬಳಿಯ ಕಿಹಿಂನಲ್ಲಿ ದಿನಗಟ್ಟಲೆ ಕುಳಿತು ನೋಡಿ, ಈ ಸಂಸಾರದ ಗುಟ್ಟನ್ನು 1931ರಲ್ಲಿ ಬರೆದು ತಿಳಿಸಿದರು. ನಮಗೆ ಇದರಿಂದ ತಿಳಿಯಬೇಕಾದುದು ಇಷ್ಟು: ಕಾವು ಕೊಡುವುದೂ ಮರಿಗೆ ಉಣಿಸುವುದೂ ಹೆಚ್ಚಾಗಿ ತಾಯಿಯದೇ ಹೊರೆ. ಅವಳೊಬ್ಬಳು ಬೆದರಿ ದೂರವಾದರೆ ಮರಿಗಳಿಗೆ ಬೇರೆ ಗತಿಯಿಲ್ಲ.

ಕೊಳವೆಯುಳ್ಳ ಗೂಡು ಬಿದ್ದಿದ್ದರೆ ಮೆಲ್ಲಗೆ ಎತ್ತಿ ನೋಡಿರಿ. ಬರೀ ಭಾರದಿಂದ ನಿರ್ಧರಿಸಬೇಡಿರಿ. ಹಕ್ಕಿಯೇ ಒಳಗೆ ಮಣ್ಣಿನ ಉಂಡೆಗಳನ್ನು ಮೆತ್ತಿರುತ್ತದೆ. ಮರಿಗಳ ಸದ್ದು ಕೇಳಿ, ಬೆರಳಿಗೆ ಬಿಸುಪು ತಾಗಿದರೆ ಗೂಡನ್ನು ಕೊಳವೆ ಕೆಳಮುಖವಾಗಿರುವಂತೆ ಸುತಳಿಯಿಂದ ಅದೇ ಟೊಂಗೆಗೆ, ಅದು ಮುರಿದಿದ್ದರೆ ತೀರ ಹತ್ತಿರದ ಟೊಂಗೆಗೆ ಬಿಗಿದು ಕಟ್ಟಿರಿ. ಹರಿದಿದ್ದರೆ ಅದೇ ಸುತಳಿಯಿಂದ ಸುತ್ತಿ ಬಂದೋಬಸ್ತು ಮಾಡಬಹುದು. ಗೊರವಂಕ, ಬೆಳವಕ್ಕಿ, ಕಾಜಾಣಗಳ ಗೂಡು ಚದುರಿಹೋಗಿದ್ದರೆ ನೀರು ನಿಲ್ಲದ ಸಣ್ಣ ಬಿದಿರು ಬುಟ್ಟಿಯೊಂದಕ್ಕೆ ಒಣಹುಲ್ಲು ಹಾಸಿ, ಗೂಡು ಇದ್ದ ಜಾಗದ ಸಮೀಪ ಬಿಸಿಲು ಬಡಿಯದಂತೆ ಕಟ್ಟಿದರೆ ಸಾಕು. ಆಮೇಲೆ ದೂರ ಸರಿಯಬೇಕು. ಜನರೆಲ್ಲ ಮರದ ಕೆಳಗೆ ಸೇರಿ ನೋಡುತ್ತ ನಿಂತರೆ ತಾಯಿ ಹತ್ತಿರ ಸುಳಿಯುವುದಿಲ್ಲ. ಒಂದೆರಡು ತಾಸು ದೂರದಿಂದ ಗಮನಿಸಿರಿ. ಬಂದೇ ಬರುತ್ತಾಳೆಂಬ ಖಾತ್ರಿಯನ್ನು ಯಾರೂ ಕೊಡಲಾರರು. ಆದರೆ ಮರಿ ಬದುಕಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಮನುಷ್ಯನ ಕೈ ತಾಗಿದ ಮರಿಯನ್ನು ತಾಯಿ ಮುಟ್ಟುವುದಿಲ್ಲವೆಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಬಲವಾಗಿದೆ. ಇದು ನಿಜವಲ್ಲ. ತಾಯಿಹಕ್ಕಿಯನ್ನು ಕರೆತರುವುದು ಮರಿಯ ಕೂಗು ಮತ್ತು ಗೂಡಿನ ಜಾಗ. ಕೈಯ ವಾಸನೆಗೆ ಹೇಸಿ ಅದು ಮರಿಯನ್ನು ಬಿಡುವುದಿಲ್ಲ. ಈ ಒಂದು ತಪ್ಪು ತಿಳುವಳಿಕೆಯಿಂದಲೇ ಎಷ್ಟೋ ಮರಿಗಳು ಮನೆ ಸೇರಿ ಸತ್ತಿವೆ.

ಹಾಲಂತೂ ಬೇಡವೇ ಬೇಡ. ಹಕ್ಕಿಯ ಮರಿ ಆಕಳ ಕರುವಲ್ಲ, ಹಾಲು ಅದಕ್ಕೆ ಪಚನವಾಗದು. ಬಾಯಿಗೆ ನೀರು ಹನಿಸಿದರೆ ಅದು ಉಸಿರಿನ ನಾಳಕ್ಕೆ ಇಳಿಯುವ ಅಪಾಯವುಂಟು. ಸಂಜೆಯಾಗಿ, ಮಳೆ ಹಿಡಿದು, ಮರಿಯನ್ನು ಒಂದು ರಾತ್ರಿ ಇಟ್ಟುಕೊಳ್ಳಲೇಬೇಕಾದರೆ ಅದಕ್ಕೆ ಊಟಕ್ಕಿಂತ ಮೊದಲು ಬೇಕಾದುದು ಬಿಸುಪು. ತೂತಿಟ್ಟ ರಟ್ಟಿನ ಡಬ್ಬಿಯಲ್ಲಿ ಒಣಬಟ್ಟೆ ಹಾಸಿ, ಬೆಕ್ಕು ನಾಯಿ ತಲುಪದ ಕಡೆ ಇಟ್ಟು, ಬೆಳಗಾಗುತ್ತಲೇ ಮರಕ್ಕೆ ಮುಟ್ಟಿಸಬೇಕು. ಗಾಯವಾಗಿದ್ದರೆ ಪಶುವೈದ್ಯರಿಗೆ ಅಥವಾ ಅರಣ್ಯ ಇಲಾಖೆಯವರಿಗೆ ತಿಳಿಸಿರಿ. ಕಾಡುಹಕ್ಕಿಯನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧವೂ ಹೌದು. ಪಂಜರದ ಗಿಣಿಗೂ ಈ ಮಾತು ಅನ್ವಯಿಸುತ್ತದೆ, ಅದನ್ನು ಕೇಳಿ ಕೆಲವರಿಗೆ ಬೇಸರವಾದರೂ ಸರಿಯೆ.

ಕುಷ್ಟಗಿ, ಯಲಬುರ್ಗಾ ಕಡೆಯ ಬೆದ್ದಲು ಭೂಮಿಯಲ್ಲಿ ಮಾತು ಬೇರೆ. ಅಲ್ಲಿ ಟಿಟ್ಟಿಭ, ಗೌಜಲುಗಳು ನೆಲದಲ್ಲೇ ಮೊಟ್ಟೆ ಇಡುತ್ತವೆ. ಇವುಗಳ ಮರಿ ಮೊಟ್ಟೆಯೊಡೆದ ಸ್ವಲ್ಪ ಹೊತ್ತಿಗೇ ಓಡಾಡಬಲ್ಲದು. ತಾಯಿ ಎಚ್ಚರಿಕೆಯ ಕೂಗು ಹಾಕಿದೊಡನೆ ಹೆಂಟೆಯ ಮರೆಯಲ್ಲಿ ಅಲುಗಾಡದೆ ಕುಳಿತುಬಿಡುತ್ತದೆ. ಅನಾಥ ಮರಿ ಸಿಕ್ಕಿತೆಂದು ಎತ್ತಿ ತರುವವರು, ತಲೆಯ ಮೇಲೆ ಅರಚುತ್ತ ಸುತ್ತುವ ಟಿಟ್ಟಿಭವೇ ಅದರ ತಾಯಿಯೆಂಬುದನ್ನು ಮರೆಯುತ್ತಾರೆ. ಅಲ್ಲಿ ಮಾಡಬೇಕಾದುದು ಏನೂ ಇಲ್ಲ. ಬಿಟ್ಟು ಬರುವುದೇ ಉಪಕಾರ. ಕುಂಟೆ ಹೊಡೆಯುವಾಗ ಮೊಟ್ಟೆ ಕಂಡರೆ ಒಂದು ಮಾರಿನಷ್ಟು ಜಾಗವನ್ನು ಬಳಸಿ ಹೋಗಬಹುದು. ಟ್ರ್ಯಾಕ್ಟರಿನ ಮೇಲೆ ಕುಳಿತವನಿಗೆ ಮೊಟ್ಟೆ ಕಾಣುವುದು ಕಷ್ಟ, ಎತ್ತಿನ ಹಿಂದೆ ನಡೆಯುವವನಿಗೆ ಕಂಡೀತು.

ಊರಿಗೆ ಊರೇ ಈ ಕೆಲಸಕ್ಕೆ ಮನಸ್ಸು ಮಾಡಿದ ಉದಾಹರಣೆ ನಮ್ಮ ನಾಡಿನಲ್ಲಿಯೇ ಇದೆ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಗಳ ನಡುವಿನ ಹುಣಸೆ ಮುಂತಾದ ಮರಗಳಲ್ಲಿ ಗೂಡು ಕಟ್ಟುತ್ತವೆ. 1976ರಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೆಗಿನಹಾಳರು ಈ ಊರನ್ನು ಹೊರಜಗತ್ತಿನ ಗಮನಕ್ಕೆ ತಂದರು. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವಾಯಿತು. ಅಲ್ಲಿ ಊರ ಯುವಕರು ಹೆಜ್ಜಾರ್ಲೆ ಬಳಗ ಕಟ್ಟಿಕೊಂಡು, ಎತ್ತರದ ಗೂಡಿನಿಂದ ಬಿದ್ದ ಮರಿಗಳನ್ನು ಬೇಲಿಯೊಳಗಿಟ್ಟು, ಮೀನು ಉಣಿಸಿ, ರೆಕ್ಕೆ ಬಲಿತ ಮೇಲೆ ಬಿಟ್ಟುಕೊಡುತ್ತ ಬಂದಿದ್ದಾರೆ. ತಿಳಿದವರು ಕೂಡಿ ಮಾಡುವ ಕೆಲಸವದು, ಒಬ್ಬೊಬ್ಬರು ಹಿತ್ತಲಲ್ಲಿ ಮಾಡುವುದಲ್ಲ. ಹುಣಸೆಯ ಫಸಲು ಬಿಟ್ಟುಕೊಟ್ಟ ಮರದ ಒಡೆಯರಿಗೆ ಸರಕಾರ ಪರಿಹಾರ ಕೊಡುವ ಏರ್ಪಾಡೂ ಆಯಿತು. ಹಿಕ್ಕೆ ಗೊಬ್ಬರವಾಗಿ ಹೊಲ ಸೇರಿತು. ಪರಿಹಾರ ಬಂದದ್ದು ಆಮೇಲೆ, ಹಕ್ಕಿಗಳಿಗೆ ಮರ ಬಿಟ್ಟುಕೊಟ್ಟದ್ದು ಅದಕ್ಕಿಂತ ಬಹಳ ಮುಂಚೆ.

ನಮ್ಮ ಕೊಪ್ಪಳ ಸೀಮೆಯಲ್ಲಿ ಹುಣಸೆಮರ ಬಿಟ್ಟುಕೊಡಿರೆಂದು ಕೇಳುವ ಅಗತ್ಯವಿಲ್ಲ. ಕೇಳುವುದು ಒಂದಿಷ್ಟು ತಡೆದು ಕೊಡಲಿ ಎತ್ತಿರೆಂದು ಮಾತ್ರ. ತೊಗರಿ, ಕಡಲೆಯಲ್ಲಿ ಕಾಯಿಕೊರಕ ಹುಳುವನ್ನು ಹಕ್ಕಿಗಳು ಹೆಕ್ಕಲಿ ಎಂದು ಹೊಲದ ನಡುವೆ ಗೂಟ ನೆಡಲು ಶಿಫಾರಸು ಮಾಡುತ್ತೇವೆ. ರೈತರು ನೆಡುತ್ತಲೂ ಇದ್ದಾರೆ. ಅದೇ ಹೊಲದ ಬದುವಿನ ಜಾಲಿಯನ್ನು ಗೂಡುಗಳ ಸಮೇತ ಶ್ರಾವಣದಲ್ಲಿ ಕಡಿದು ಸುಟ್ಟರೆ ಗೂಟದ ಮೇಲೆ ಕೂಡಲು ಹಕ್ಕಿ ಎಲ್ಲಿಂದ ಬರಬೇಕು? ಗೀಜಗನ ಮೊಟ್ಟೆಯೊಡೆಯಲು ಎರಡು ವಾರದ ಮೇಲೆ ಕೆಲವು ದಿನ, ಮರಿ ಗೂಡು ಬಿಡಲು ಮತ್ತೆ ಸುಮಾರು ಅಷ್ಟೇ ದಿನ ಬೇಕು. ಬದು ಸವರುವುದನ್ನು ಬನ್ನಿ ಹಬ್ಬದ ಆಚೆಗೆ ಇಟ್ಟುಕೊಂಡರೆ ಸೌದೆಯೇನೂ ಓಡಿಹೋಗದು. ಕಾಲುವೆಗೆ ಅಡ್ಡ ಬಿದ್ದ ಟೊಂಗೆಯನ್ನು ಅದಕ್ಕೂ ಮುಂಚೆ ಕಡಿಯಲೇಬೇಕಾದರೆ ತೂಗುತ್ತಿರುವ ಗೂಡುಗಳನ್ನು ಕೆಳಗಿನಿಂದ ಒಮ್ಮೆ ನೋಡಿರಿ. ಅರ್ಧಕ್ಕೆ ನಿಂತ ಟೊಪ್ಪಿಗೆಗಳಿದ್ದರೆ ಕಡಿಯಲು ಅಡ್ಡಿಯಿಲ್ಲ. ಕೊಳವೆ ಇಳಿದಿದ್ದು, ತಾಯಿ ಹುಳು ಕಚ್ಚಿ ಒಳಹೋಗುತ್ತಿದ್ದರೆ ಆ ಒಂದು ಟೊಂಗೆಯನ್ನು ಮೂರು ವಾರ ಬಿಟ್ಟು ಉಳಿದದ್ದನ್ನು ಸವರಿಕೊಳ್ಳಿರಿ.